ಮತ್ತೆ ಅದೇ ಕಂಪನಿಯ ಫೋನು ಯಾಕೆ ಕೊಳ್ಳುತ್ತೇವೆ, ಯಾವಾಗ ಕೈಬಿಡುತ್ತೇವೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಯಾವುದಾದರೂ ಮೊಬೈಲ್ ಅಂಗಡಿ ಮುಂದೆ ಸಂಜೆ ಹೊತ್ತು ನಿಲ್ಲಿ. ಹೊಸ ಫೋನಿನ ಡಬ್ಬಿ ಹಿಡಿದು ಹೊರಬರುವವರನ್ನು ಒಂದೇ ಪ್ರಶ್ನೆ ಕೇಳಿ: ಮತ್ತೆ ಅದೇ ಕಂಪನಿಯದು ಯಾಕೆ ತಗೊಂಡ್ರಿ? ಉತ್ತರ ಹೆಚ್ಚುಕಮ್ಮಿ ಹೀಗೆ ಬರುತ್ತದೆ. "ಕೈಗಿ ರೂಢಿ ಆಗ್ಯದ್ರಿ." "ಅಂಗಡಿ ಅಣ್ಣ ಇದೇ ಛಲೋ ಅದ ಅಂದ." "ಹಳೇದು ನಾಕು ವರ್ಷ ಛಲೋ ನಡೀತು, ಯಾಕ ಬದಲಿ ಮಾಡ್ಲಿ?"

ಕಂಪನಿಯ ಲೆಕ್ಕದಲ್ಲಿ ಈ ಮೂವರೂ ಒಂದೇ ಗುಂಪು. ತಮ್ಮ ಬ್ರ್ಯಾಂಡಿಗೆ ಅಂಟಿಕೊಂಡಿರುವ ಗ್ರಾಹಕರು. ನಿಜವಾಗಿ ನೋಡಿದರೆ ಮೂವರ ಕತೆಯೂ ಬೇರೆ. ಮೊದಲನೆಯವರನ್ನು ಹಿಡಿದಿಟ್ಟಿರುವುದು ಬದಲಾಯಿಸುವ ತಾಪತ್ರಯ. ಎರಡನೆಯವರು ನಂಬಿರುವುದು ಒಬ್ಬ ಮನುಷ್ಯನನ್ನು, ಕಂಪನಿಯ ಹೆಸರು ಆಮೇಲಿನ ಮಾತು. ಮೂರನೆಯವರು ಮಾತ್ರ ಫೋನಿನ ಮೇಲಿನ ಭರವಸೆಯಿಂದ ವಾಪಸ್ ಬಂದವರು. ಹೊಸ ಫೋನೆಂದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ತಿಂಗಳ ಸಂಬಳದಷ್ಟು ದುಡ್ಡು, ಅಥವಾ ತೊಗರಿ ಮಾರಿ ಬಂದ ಹಣದ ಒಂದು ಪಾಲು. ಅದಕ್ಕೇ ನಮ್ಮನ್ನು ಹಿಡಿದಿರುವ ಎಳೆ ಯಾವುದು ಅಂತ ತಿಳಿದುಕೊಳ್ಳುವುದು ಮುಖ್ಯ ಅನಿಸುತ್ತದೆ.

ಒಂದು ಸುಲಭದ ಪರೀಕ್ಷೆ ಇದೆ. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ನಿಮ್ಮ ಫೋನು ಕಳೆದುಹೋಯಿತು ಅಂದುಕೊಳ್ಳಿ. ಅದರ ಪೂರ್ತಿ ಬೆಲೆ ನಗದಾಗಿ ಕೈಗೆ ಬಂತು. ಹಳೆ ಫೋಟೋ, ಹಳೆ ಚಾಟ್, ನಂಬರುಗಳು ಎಲ್ಲವೂ ಯಾವ ಫೋನಿಗೆ ಬೇಕಾದರೂ ತಾನಾಗೇ ಬಂದುಬಿಡುತ್ತವೆ. ಆಗಲೂ ಅದೇ ಕಂಪನಿಯದನ್ನೇ ಕೊಳ್ಳುತ್ತೀರಾ? ಹೌದು ಅಂದರೆ ಅದು ನಿಜವಾದ ಮೆಚ್ಚುಗೆ. "ನೋಡೋಣ" ಅಂದರೆ, ಇಷ್ಟು ದಿನ ನಿಮ್ಮನ್ನು ಹಿಡಿದಿದ್ದು ಬೇರೇನೋ.

ಮೆಚ್ಚಿದವರೂ ಬಿಟ್ಟುಹೋದರು

ಮೆಚ್ಚುಗೆ ಇದ್ದರೆ ಸಾಕು, ಗ್ರಾಹಕ ಎಲ್ಲಿಗೂ ಹೋಗಲ್ಲ ಅಂತ ಅನಿಸಬಹುದು. ನೋಕಿಯಾ ಕತೆ ಬೇರೆಯದನ್ನೇ ಹೇಳುತ್ತದೆ. 2003ರಲ್ಲಿ ನೋಕಿಯಾ 1100 ಬಂತು. ತಲೆಯಲ್ಲಿ ಟಾರ್ಚು. ಧೂಳು ಒಳಗೆ ಹೋಗದಂತೆ ಮುಚ್ಚಿದ ಕೀಪ್ಯಾಡು. ಬೆವರಿದ ಕೈಯಿಂದ ಜಾರದ ಹಾಗೆ ಪಕ್ಕದಲ್ಲಿ ಹಿಡಿತ. ಜಗತ್ತಿನಾದ್ಯಂತ ಆ ಒಂದೇ ಮಾಡೆಲ್ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ರಾತ್ರಿ ಕರೆಂಟ್ ಬಂದ ಹೊತ್ತಿಗೆ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವವರಿಗೆ ಆ ಟಾರ್ಚು ಎಷ್ಟು ಆಸರೆಯಾಗಿತ್ತು ಅಂತ ನಮ್ಮ ಹಳ್ಳಿಗಳಲ್ಲಿ ಈಗಲೂ ಹೇಳುತ್ತಾರೆ. ಕೆಟ್ಟರೆ ರಿಪೇರಿ ಸುಲಭ. ಬ್ಯಾಟರಿ ತೆಗೆದು ಬೇರೆ ಹಾಕಿದರೆ ಮುಗೀತು. ಪಕ್ಕದ ಮನೆಯವರ ಚಾರ್ಜರ್ ನಮಗೂ ಆಗುತ್ತಿತ್ತು.

ಅಂಥ ನೋಕಿಯಾವನ್ನು ಜನ ಬಿಟ್ಟರು. ಸಿಟ್ಟಿನಿಂದ ಬಿಡಲಿಲ್ಲ, ಯಾರೂ ಬೈದುಕೊಂಡು ಹೋಗಲಿಲ್ಲ. ಜನರಿಗೆ ಬೇಕಾದ ಕೆಲಸವೇ ಬದಲಾಗಿಬಿಟ್ಟಿತ್ತು. ಟಚ್ ಸ್ಕ್ರೀನು, ಆ್ಯಪು, ವಾಟ್ಸಾಪು, ಯೂಟ್ಯೂಬು ಆಂಡ್ರಾಯ್ಡಿನಲ್ಲಿ ಸಲೀಸಾಗಿ ನಡೆಯುತ್ತಿದ್ದವು. ನೋಕಿಯಾ ಫೋನು ನಡೆಸುವ ತನ್ನ ಹಳೆ ಸಾಫ್ಟ್‌ವೇರ್ ಸಿಂಬಿಯನ್ ಬಿಟ್ಟು 2011ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನಿನ ಕೈ ಹಿಡಿಯಿತು. ಅದರಲ್ಲಿ ಜನರಿಗೆ ಬೇಕಾದ ಆ್ಯಪುಗಳು ಕಡಿಮೆ ಇದ್ದವು, ಬಂದರೂ ತಡವಾಗಿ ಬರುತ್ತಿದ್ದವು. 2013ರ ಸೆಪ್ಟೆಂಬರ್‌ನಲ್ಲಿ ಫೋನು ವ್ಯವಹಾರವನ್ನೇ ಮೈಕ್ರೋಸಾಫ್ಟಿಗೆ ಮಾರುವ ಘೋಷಣೆ ಬಂತು, 2014ರ ಏಪ್ರಿಲ್‌ನಲ್ಲಿ ಆ ಮಾರಾಟ ಮುಗಿಯಿತು.

ಆಮೇಲಿನ ಮೈಕ್ರೋಮ್ಯಾಕ್ಸ್ ಕತೆ ಇನ್ನೂ ಚುರುಕು. ಎರಡು ಸಿಮ್ಮು, ದೊಡ್ಡ ಬ್ಯಾಟರಿ, ಕಡಿಮೆ ಬೆಲೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರುಗಳಿಗೆ ಹೇಳಿಮಾಡಿಸಿದ ಫೋನು. 2014ರ ಕೊನೆಗೆ ಕೆಲವು ಮಾರುಕಟ್ಟೆ ಸಮೀಕ್ಷೆಗಳ ಪ್ರಕಾರ ಅದು ಭಾರತದಲ್ಲಿ ಸ್ಯಾಮ್ಸಂಗನ್ನೂ ಹಿಂದೆ ಹಾಕಿತ್ತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯಿತು. ಜಿಯೋ ನೆಟ್‌ವರ್ಕ್ ಪೂರ್ತಿ 4ಜಿ. ಮಾತಾಡುವ ಕರೆ ಕೂಡ ಇಂಟರ್ನೆಟ್ ಮೂಲಕವೇ ಹೋಗಬೇಕು. 3ಜಿ ಫೋನಿಗೆ ಆ ಸಿಮ್ ಹಾಕಿದರೆ ಏನೂ ಆಗುತ್ತಿರಲಿಲ್ಲ. ಭಾರತದ ಕಂಪನಿಗಳ ಬಳಿ 3ಜಿ ಫೋನಿನ ರಾಶಿ ಇತ್ತು. ಚೀನಾ ಕಂಪನಿಗಳ ಬಳಿ ಕಡಿಮೆ ಬೆಲೆಯ 4ಜಿ ಫೋನು ತಯಾರಾಗಿದ್ದವು. ಮೈಕ್ರೋಮ್ಯಾಕ್ಸ್ ಹಿಡಿದಿದ್ದವರು ಬೇಗ ಬೇಗ ಬೇರೆ ಕಡೆ ಹೋದರು.

ಭಾರತದ ಮಾರುಕಟ್ಟೆಯಲ್ಲಿ ಮೊದಲ ಸ್ಥಾನ ಹೇಗೆ ಕೈ ಬದಲಾಯಿಸಿದೆ ನೋಡಿ. ನೋಕಿಯಾ ಹೋಗಿ ಸ್ಯಾಮ್ಸಂಗ್ ಬಂತು. 2017ರ ಕೊನೆಗೆ ಶಿಯೋಮಿ ಮೇಲೆ ಬಂತು. 2023ರಲ್ಲಿ ಮತ್ತೆ ಸ್ಯಾಮ್ಸಂಗ್. 2024ರಲ್ಲಿ ವಿವೋ. ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳುವ ಜನರ ಮಾರುಕಟ್ಟೆ ಇಷ್ಟು ಬೇಗ ಬದಲಾಗುವುದಿಲ್ಲ, ಅಲ್ವಾ?

ಬದಲಾಯಿಸುವ ತಾಪತ್ರಯ

ಹಾಗಾದರೆ ಅಷ್ಟೊಂದು ಜನ ಮತ್ತೆ ಅದೇ ಕಂಪನಿಗೆ ಯಾಕೆ ಬರುತ್ತಾರೆ? ಇದಕ್ಕೆ ಅರ್ಥಶಾಸ್ತ್ರದವರು ಕೊಡುವ ಮೊದಲ ಉತ್ತರ, ಬದಲಾಯಿಸುವ ಖರ್ಚು. ಖರ್ಚೆಂದರೆ ದುಡ್ಡೊಂದೇ ಅಲ್ಲ. ಸಮಯ, ತಲೆಬಿಸಿ, ಏನಾದರೂ ಕಳೆದುಹೋದೀತು ಎನ್ನುವ ಅಂಜಿಕೆ ಎಲ್ಲವೂ ಸೇರಿ.

ಇದು ಚೆನ್ನಾಗಿ ಕಂಡಿದ್ದು ಸಿಮ್ಮಿನ ವಿಷಯದಲ್ಲಿ. 2011ರ ಜನವರಿ 20ಕ್ಕೆ ಮುಂಚೆ ಕಂಪನಿ ಬಿಟ್ಟರೆ ನಂಬರನ್ನೂ ಬಿಡಬೇಕಿತ್ತು. ಗಂಜ್‌ನ (ಕಾಳುಕಡಿ ಮಾರುಕಟ್ಟೆಯ) ಅಡತಿ ವ್ಯಾಪಾರಿಗೆ ನಂಬರು ಬದಲಾದರೆ ಹತ್ತಾರು ಹಳ್ಳಿಯ ರೈತರ ಸಂಪರ್ಕವೇ ತಪ್ಪಿತು. ಹಾಗಾಗಿ ಸಿಗ್ನಲ್ ಸರಿಯಿಲ್ಲದಿದ್ದರೂ ಸಹಿಸಿಕೊಂಡು ಇದ್ದವರು ಬಹಳ. ಆ ದಿನದಿಂದ ದೇಶದಾದ್ಯಂತ ನಂಬರು ಉಳಿಸಿಕೊಂಡೇ ಕಂಪನಿ ಬದಲಾಯಿಸುವ ಪೋರ್ಟಿಂಗ್ ಬಂತು. ಅಲ್ಲಿಯವರೆಗೆ ನಿಷ್ಠೆಯಂತೆ ಕಾಣುತ್ತಿದ್ದುದರಲ್ಲಿ ಎಷ್ಟು ಭಾಗ ಬರೀ ನಂಬರಿನ ಕಟ್ಟು ಅಂತ ಆಗ ಬಯಲಾಯಿತು.

ಫೋನಿನಲ್ಲಿ ಆ ಕಟ್ಟು ಎಲ್ಲಿದೆ? ಸಣ್ಣದರಿಂದ ಶುರುಮಾಡೋಣ. ಪರದೆಯ ಕೆಳಗೆ ಮೂರು ಗುಂಡಿ ಇರುವ ಫೋನುಗಳಲ್ಲಿ, ಸ್ಯಾಮ್ಸಂಗಿನಲ್ಲಿ ಹಿಂದಕ್ಕೆ ಹೋಗುವ ಗುರುತು ಮೊದಲಿಂದಲೂ ಬಲಗಡೆ ಇರುತ್ತದೆ. ಗೂಗಲ್‌ನ ಮೂಲ ಆಂಡ್ರಾಯ್ಡಿನಲ್ಲಿ ಅದು ಎಡಗಡೆ. ಹೊಸ ಫೋನು ಬಂದ ಮೊದಲ ವಾರ ಹೆಬ್ಬೆರಳು ತಪ್ಪು ಕಡೆಗೇ ಹೋಗುತ್ತದೆ. ಹೊಸ ಮನೆಗೆ ಹೋದವರು ಕತ್ತಲಲ್ಲಿ ಹಳೆ ಮನೆಯ ಜಾಗದಲ್ಲೇ ಸ್ವಿಚ್ಚು ತಡಕುವ ಹಾಗೆ. ಸೆಟ್ಟಿಂಗ್ಸಿಗೆ ಹೋದರೆ ಅದನ್ನು ಒಂದು ನಿಮಿಷದಲ್ಲಿ ಬದಲಾಯಿಸಬಹುದು. ಅದು ಗೊತ್ತಿಲ್ಲದವರು ಮಾತ್ರ "ಈ ಕಂಪನಿ ಫೋನು ನನಗ ಹೊಂದಂಗಿಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಕೀಬೋರ್ಡಿನದೂ ಇದೇ ಕತೆ. ನಮ್ಮ ಊರಲ್ಲಿ ಒಬ್ಬರೇ ಕನ್ನಡ, ಉರ್ದು, ಮರಾಠಿ ಮೂರನ್ನೂ ಟೈಪ್ ಮಾಡುವುದುಂಟು. ಯಾವ ಅಕ್ಷರ ಎಲ್ಲಿದೆ ಅನ್ನುವುದು ಬೆರಳಿಗೆ ಕಲಿತುಹೋಗಿರುತ್ತದೆ. ಅದನ್ನು ಮತ್ತೆ ಕಲಿಯುವುದು ಯಾರಿಗೂ ಬೇಡ.

ಇನ್ನು ದೊಡ್ಡ ಕಟ್ಟುಗಳು. ಫೋಟೋ, ಸಂಪರ್ಕದ ನಂಬರು, ವಾಟ್ಸಾಪ್ ಚಾಟು, ಬ್ಯಾಂಕಿನ ಆ್ಯಪು. ಆಂಡ್ರಾಯ್ಡಿನಿಂದ ಆಂಡ್ರಾಯ್ಡಿಗೆ ಹೋಗುವವರಿಗೆ ಇವು ಈಗ ಅಷ್ಟು ಕಷ್ಟ ಕೊಡುವುದಿಲ್ಲ. ನಂಬರುಗಳು ಗೂಗಲ್ ಅಕೌಂಟಿನಲ್ಲಿರುತ್ತವೆ. ವಾಟ್ಸಾಪ್ ಬ್ಯಾಕಪ್ಪೂ ಅಲ್ಲೇ. ವಿವೋ ಬಿಟ್ಟು ಮೋಟೋರೋಲಾ ತಗೊಂಡರೂ, ಮೋಟೋರೋಲಾ ಬಿಟ್ಟು ಸ್ಯಾಮ್ಸಂಗ್ ತಗೊಂಡರೂ ಅದೇ ಜಿ-ಮೇಲ್ ಐಡಿ ಹಾಕಿದರೆ ಬಹುಪಾಲು ವಾಪಸ್ ಬರುತ್ತದೆ. ಅಂದರೆ ನಮ್ಮ ಕಡೆ ಬಹಳ ಜನ ನಿಜವಾಗಿ ಬಿಡಲಾಗದಂತೆ ಅಂಟಿಕೊಂಡಿರುವುದು ಗೂಗಲ್ ಅಕೌಂಟಿಗೆ. ಫೋನಿನ ಬೆನ್ನ ಮೇಲಿನ ಹೆಸರು ಅದರ ಮುಂದೆ ಏನೂ ಅಲ್ಲ. ಸಂಪರ್ಕದ ನಂಬರುಗಳನ್ನು ಸಿಮ್ಮಿನಲ್ಲೋ ಫೋನಿನಲ್ಲೋ ಉಳಿಸಿಕೊಂಡವರಿಗೆ, ಜಿ-ಮೇಲ್ ಪಾಸ್‌ವರ್ಡ್ ಮರೆತವರಿಗೆ ಮಾತ್ರ ಪ್ರತಿ ಸಲ ಹೊಸ ಫೋನೆಂದರೆ ಸಂಕಟ.

ಆಂಡ್ರಾಯ್ಡು ಮತ್ತು ಐಫೋನಿನ ನಡುವೆ ಗೋಡೆ ಎತ್ತರ ಇತ್ತು. ಬಹಳ ವರ್ಷ ವಾಟ್ಸಾಪ್ ಚಾಟನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಲು ಕಂಪನಿಯೇ ಕೊಟ್ಟ ದಾರಿ ಇರಲಿಲ್ಲ. ಐಫೋನಿನಿಂದ ಆಂಡ್ರಾಯ್ಡಿಗೆ 2021ರಲ್ಲಿ ಸ್ಯಾಮ್ಸಂಗ್ ಫೋನುಗಳಿಂದ ಶುರುವಾಯಿತು. ಆಂಡ್ರಾಯ್ಡಿನಿಂದ ಐಫೋನಿಗೆ 2022ರಲ್ಲಿ ಬಂತು. ತೀರಿಹೋದ ಅಪ್ಪನ ಧ್ವನಿ ಇರುವ ವಾಯ್ಸ್ ಮೆಸೇಜು ಫೋನಿನಲ್ಲಿ ಇರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ ಐಫೋನಿನವರನ್ನು ಕಟ್ಟಿಹಾಕಿರುವುದರಲ್ಲಿ ಆಪಲ್‌ನ ಸ್ವಂತ ಮೆಸೇಜ್ ಆ್ಯಪಿನ ಪಾಲು ದೊಡ್ಡದು. ಆಂಡ್ರಾಯ್ಡಿನವರಿಗೆ ಕಳಿಸಿದ ಮೆಸೇಜು ಅದರಲ್ಲಿ ಹಸಿರು ಬಣ್ಣದಲ್ಲಿ ಕಾಣುತ್ತದೆ, ಗುಂಪಿನಲ್ಲಿ ಅವರು ಬೇರೆಯಾಗಿ ಉಳಿಯುತ್ತಾರೆ. 2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಆಪಲ್ ಮೇಲೆ ಹಾಕಿದ ಏಕಸ್ವಾಮ್ಯದ ಕೇಸಿನಲ್ಲಿ ಈ ಮಾತೂ ಸೇರಿದೆ. ನಮ್ಮಲ್ಲಿ ಮದುವೆ ಆಮಂತ್ರಣದಿಂದ ಹಿಡಿದು ಶಾಲೆಯ ನೋಟಿಸಿನವರೆಗೆ ಎಲ್ಲವೂ ವಾಟ್ಸಾಪಿನಲ್ಲಿ. ಅಲ್ಲಿ ಯಾವ ಫೋನಿನವರೂ ಒಂದೇ. ಹಾಗಾಗಿ ಆ ಕಟ್ಟು ನಮಗೆ ಇಲ್ಲವೇ ಇಲ್ಲ ಅನ್ನಬಹುದು.

ಕೊನೆಯದೊಂದು ಕಟ್ಟು ನಮ್ಮ ಮನಸ್ಸಿನಲ್ಲೇ ಇದೆ. 1990ರಲ್ಲಿ ಡೇನಿಯಲ್ ಕಾನ್ಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಅನ್ನುವ ಮೂವರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವರ ಕೈಗೆ ಸುಮ್ನೆ ಒಂದು ಕಾಫಿ ಮಗ್ ಕೊಟ್ಟರು. ಅದನ್ನು ಎಷ್ಟಕ್ಕೆ ಮಾರುತ್ತೀರಿ ಅಂತ ಅವರನ್ನು ಕೇಳಿದರು. ಎಷ್ಟು ಕೊಟ್ಟು ಕೊಳ್ಳುತ್ತೀರಿ ಅಂತ ಮಗ್ ಸಿಗದವರನ್ನು ಕೇಳಿದರು. ಮಾರುವವರು ಹೇಳಿದ ಬೆಲೆ, ಕೊಳ್ಳುವವರು ಹೇಳಿದ್ದರ ಎರಡರಷ್ಟೋ ಅದಕ್ಕಿಂತ ಜಾಸ್ತಿಯೋ ಇತ್ತು. ಮಗ್ ಕೈಗೆ ಬಂದು ಹೆಚ್ಚು ಹೊತ್ತಾಗಿರಲಿಲ್ಲ. ನಮ್ಮದು ಅಂದಕೂಡಲೇ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರುತ್ತದೆ. ಎಕ್ಸ್‌ಚೇಂಜ್ ಕೌಂಟರಿನಲ್ಲಿ ನಡೆಯುವುದು ಇದೇ. ಗೀಚು ಬಿದ್ದ ನಮ್ಮ ಹಳೆ ಫೋನಿಗೆ ಆರು ಸಾವಿರ ಬರಬೇಕು ಅಂತ ಮನಸ್ಸು ಹೇಳುತ್ತದೆ, ಅಂಗಡಿಯವರು ಎರಡೂವರೆ ಅನ್ನುತ್ತಾರೆ, ಬೇಸರವಾಗಿ ಮನೆಗೆ ಬರುತ್ತೇವೆ. ಇನ್ನೊಂದು ವರ್ಷ ಅದೇ ಫೋನು.

ಅಂಗಡಿ ಅಣ್ಣ, ಮನೆಯ ಹುಡುಗ

ಈ ವಿಷಯದ ಬಗ್ಗೆ ಹೊರಗಿನವರು ಬರೆಯುವುದನ್ನು ಓದಿದಾಗಲೆಲ್ಲ ನನಗೆ ಒಂದು ಕೊರತೆ ಕಾಣುತ್ತದೆ. ಅಲ್ಲಿ ಗ್ರಾಹಕ ಒಬ್ಬನೇ ಕೂತು, ಹೋಲಿಸಿ ನೋಡಿ, ತೀರ್ಮಾನ ಮಾಡುತ್ತಾನೆ. ನಮ್ಮಲ್ಲಿ ಹಾಗೆ ನಡೆಯುವುದು ಕಡಿಮೆ. ಕಮಲಾಪುರದಿಂದಲೋ ಚಿಂಚೋಳಿಯಿಂದಲೋ ಬಸ್ಸಿನಲ್ಲಿ ಬಂದವರು ಅಂಗಡಿಯಲ್ಲಿ ಮೊದಲು ಹೇಳುವ ಮಾತೇ "ಅಣ್ಣಾ, ನೀವೇ ನೋಡಿ ಒಂದು ಕೊಡ್ರಿ."

ಆ ಅಣ್ಣನ ಸ್ಥಿತಿ ಏನು? ಆನ್‌ಲೈನ್ ಮಾರಾಟವನ್ನೇ ನಂಬಿದ ಕಂಪನಿಗಳ ಫೋನಿನಲ್ಲಿ ಅವರಿಗೆ ಸಿಗುವುದು ಕಡಿಮೆ. ಅಂಗಡಿಗಳನ್ನು ನಂಬಿದ ಕಂಪನಿಗಳು ಮಾರಿದವರಿಗೆ ಒಳ್ಳೆ ಕಮಿಷನ್ ಕೊಡುತ್ತವೆ, ಬೋರ್ಡು ಹಾಕಿಸಿಕೊಡುತ್ತವೆ, ಫೋನು ತೋರಿಸಲು ತಮ್ಮ ಸಂಬಳದ ಹುಡುಗರನ್ನೂ ನಿಲ್ಲಿಸುತ್ತವೆ. ವಿವೋ, ಒಪ್ಪೋ ಸಣ್ಣ ಊರುಗಳಲ್ಲೂ ಬೇರು ಬಿಟ್ಟಿದ್ದು ಹೀಗೆ. ಬಸ್‌ಸ್ಟ್ಯಾಂಡಿನಿಂದ ಹಿಡಿದು ತಾಲ್ಲೂಕಿನ ಸಣ್ಣ ಅಂಗಡಿಯವರೆಗೆ ಅವರ ನೀಲಿ, ಹಸಿರು ಬೋರ್ಡುಗಳು ಕಾಣುವುದು ಸುಮ್ನೆ ಅಲ್ಲ. ಇದರ ಇನ್ನೊಂದು ಮುಖ 2024ರಲ್ಲಿ ಕಂಡಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಮೊಬೈಲ್ ಅಂಗಡಿಗಳ ಸಂಘವೊಂದು ಮೇ 1ರಿಂದ ಒನ್‌ಪ್ಲಸ್ ಮಾರುವುದಿಲ್ಲ ಅಂತ ಹೇಳಿತು. ಲಾಭ ಕಡಿಮೆ, ವಾರಂಟಿ ಕ್ಲೇಮು ತಡ ಅನ್ನುವುದು ಅವರ ದೂರು. ಅಂಗಡಿಯವರ ಮನಸ್ಸು ಮುರಿದರೆ ಆ ಕಂಪನಿಯ ಹೆಸರು ಗ್ರಾಹಕನ ಕಿವಿಗೆ ಬೀಳುವುದೇ ಕಷ್ಟ.

ಅಂಗಡಿಯವರು ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ನಾಳೆ ಫೋನು ಕೆಟ್ಟರೆ ಜನ ಬಂದು ನಿಲ್ಲುವುದು ಅವರ ಮುಂದೆಯೇ. ಕಂಪನಿಯ ಮುಖ ಯಾರೂ ನೋಡಿಲ್ಲ. ಡೌನ್ ಪೇಮೆಂಟ್ ಸ್ವಲ್ಪ ಕಮ್ಮಿ ಮಾಡಿ, ಇಎಂಐ ಹಾಕಿಸಿಕೊಟ್ಟು, ಹಳೆ ಫೋನಿನ ನಂಬರುಗಳನ್ನು ಹೊಸದಕ್ಕೆ ಹಾಕಿ, ಟೆಂಪರ್ಡ್ ಗ್ಲಾಸ್ ಅಂಟಿಸಿ ಕಳಿಸುವವರು ಅವರೇ. ಬದಲಾಯಿಸುವ ತಾಪತ್ರಯವನ್ನು ಅವರೇ ಹೊತ್ತುಕೊಂಡುಬಿಡುತ್ತಾರೆ. ಹಾಗಾಗಿ ಅವರು ಕೈ ತೋರಿಸಿದ ಕಡೆ ಗ್ರಾಹಕ ಹೋಗುವುದು ಸಹಜ. ಆ ನಂಬಿಕೆಗೆ ಬೆಲೆ ಇದೆ. ಆದರೆ ಆ ತಿಂಗಳು ಯಾವ ಕಂಪನಿಯ ಟಾರ್ಗೆಟ್ ನಡೆಯುತ್ತಿದೆ ಅನ್ನುವುದೂ ಅವರ ಮಾತಿನೊಳಗೆ ಇರುತ್ತದೆ, ಅದು ನಮ್ಮ ನೆನಪಿನಲ್ಲಿರಬೇಕು.

ಮನೆಯೊಳಗೆ ಇನ್ನೊಬ್ಬರಿದ್ದಾರೆ. ಪ್ರತಿ ಮನೆಯಲ್ಲೂ ಫೋನಿನ ವಿಷಯಕ್ಕೆ ಒಬ್ಬ ಮಗ, ಮಗಳು ಅಥವಾ ಅಳಿಯ ಇರುತ್ತಾರೆ. ಅವರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಅವ್ವ ಇರುವುದು ಜೇವರ್ಗಿಯಲ್ಲಿ. ಅವ್ವನ ಫೋನಿನಲ್ಲಿ ಏನೋ ಒತ್ತಿ ಆವಾಜು ಬಂದ್ ಆಗಿದೆ. ಮಗ ಅಲ್ಲಿಂದ ಹೇಳಬೇಕು: "ಅವ್ವಾ, ಮ್ಯಾಲಿಂದ ಕೆಳಗ ಬೆರಳು ಎಳಿ. ಬಂತಾ? ಈಗ ಗಂಟಿ ಚಿತ್ರ ಅದ ನೋಡು, ಅದನ್ನ ಒತ್ತು." ಇಬ್ಬರ ಕೈಯಲ್ಲೂ ಒಂದೇ ಕಂಪನಿಯ ಫೋನಿದ್ದರೆ ಇದು ಒಂದು ನಿಮಿಷದ ಕೆಲಸ. ಬೇರೆ ಕಂಪನಿಯದಾದರೆ ಗಂಟೆಯ ಚಿತ್ರ ಬೇರೆ ಕಡೆ ಇರುತ್ತದೆ, ಅವ್ವ "ಇಲ್ಲಪ್ಪಾ, ಇಲ್ಲಿ ಏನೂ ಇಲ್ಲ" ಅನ್ನುತ್ತಾರೆ, ಮಗನ ತಾಳ್ಮೆ ತಪ್ಪುತ್ತದೆ. ಅದಕ್ಕೇ ಮಗ ತಾನು ಬಳಸುವ ಕಂಪನಿಯದನ್ನೇ ಅವ್ವನಿಗೂ ಕೊಡಿಸುತ್ತಾನೆ. ಇಲ್ಲವೇ ತಾನು ಹೊಸದು ತಗೊಂಡು ಹಳೆಯದನ್ನು ಊರಿಗೆ ಕಳಿಸುತ್ತಾನೆ. ಅವ್ವನ ಕೈಗೆ ಆ ಫೋನು ರೂಢಿಯಾಗುತ್ತದೆ. ಮುಂದಿನ ಸಲ ಅವ್ವ ತಾನಾಗಿಯೇ ಅದೇ ಹೆಸರು ಹೇಳುತ್ತಾಳೆ. ಒಂದು ಮನೆಯಲ್ಲಿ ಐದು ಫೋನೂ ಒಂದೇ ಕಂಪನಿಯದಾಗಿರುವುದಕ್ಕೆ ಜಾಹೀರಾತಿಗಿಂತ ಇದು ಜಾಸ್ತಿ ಕಾರಣ ಅಂತ ನಾನು ನಂಬುತ್ತೇನೆ.

ಮನಸ್ಸು ಮುರಿಯುವುದು ಎಲ್ಲಿ

ಬೇರೆ ಕಂಪನಿ ಒಳ್ಳೆ ಫೋನು ತಂದಿದೆ ಅಂತ ಬದಲಾಯಿಸುವವರು ಇದ್ದಾರೆ, ಅವರಲ್ಲಿ ಹುಡುಗರು ಜಾಸ್ತಿ. ಉಳಿದವರು ಬದಲಾಯಿಸುವುದು ಕೈಯಲ್ಲಿರುವ ಫೋನು ಕೈಕೊಟ್ಟಾಗ. ನಮ್ಮ ಕಡೆ ಹಾಗೆ ಕೈಕೊಡುವುದರಲ್ಲಿ ಬ್ಯಾಟರಿ ಮುಂದಿರುತ್ತದೆ. ಅದರಲ್ಲಿ ನಮ್ಮ ಬಿಸಿಲಿನ ಪಾಲು ದೊಡ್ಡದು.

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಸಾಮಾನ್ಯ. ಐಫೋನನ್ನು 0ಯಿಂದ 35 ಡಿಗ್ರಿ ಬಿಸಿಯಲ್ಲಿ ಬಳಸಿ ಅಂತ ಆಪಲ್ ಹೇಳುತ್ತದೆ. ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕಗಳು ಬಿಸಿಯಲ್ಲಿ ಬೇಗ ಹಾಳಾಗುತ್ತವೆ. ಚಾರ್ಜು ಹಿಡಿದಿಡಬೇಕಾದ ಲಿಥಿಯಂ ಒಳಗೇ ಪೊರೆಗಟ್ಟಿ ವ್ಯರ್ಥವಾಗುತ್ತದೆ. ಹೋದ ಶಕ್ತಿ ತಂಪಾದ ಮೇಲೂ ವಾಪಸ್ ಬರುವುದಿಲ್ಲ. ಪೂರ್ತಿ ಚಾರ್ಜ್ ಆದ ಫೋನು ಬಿಸಿಯಲ್ಲಿ ಬಿದ್ದಿದ್ದರೆ ಇನ್ನೂ ಕೆಟ್ಟದ್ದು. ಬೈಕಿನ ಹ್ಯಾಂಡಲಿಗೆ ಫೋನು ಸಿಕ್ಕಿಸಿ ಮಟಮಟ ಮಧ್ಯಾಹ್ನ ಡೆಲಿವರಿ ಮಾಡುವ ಹುಡುಗರ ಫೋನಿಗೆ ಪ್ರತಿ ದಿನ ಇದೇ ಶಿಕ್ಷೆ. ಎರಡು ಬೇಸಿಗೆ ಕಳೆಯುವ ಹೊತ್ತಿಗೆ "ಈ ಕಂಪನಿದು ಬ್ಯಾಟರಿ ನಿಲ್ಲಂಗಿಲ್ಲ, ಗರಂ ಆಗ್ತದ" ಅನ್ನುವ ಮಾತು ಬರುತ್ತದೆ. ಬೇರೆ ಕಂಪನಿಯದು ತಗೊಂಡರೂ ಬಿಸಿಲು ಅದೇ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಬ್ಯಾಟರಿ ಬದಲಾಯಿಸಿದರೆ ಹೊಸ ಫೋನಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಬಹುದು. ಇದನ್ನು ಹೇಳುವವರು ಮಾತ್ರ ಕಡಿಮೆ.

ಆಪಲ್ ಒಂದು ಸಲ ಇದೇ ವಿಷಯಕ್ಕೆ ಸಿಕ್ಕಿಬಿತ್ತು. ಬ್ಯಾಟರಿ ಹಳತಾದ ಐಫೋನುಗಳು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ಸಾಫ್ಟ್‌ವೇರ್ ಮೂಲಕ ಅವುಗಳ ವೇಗ ಇಳಿಸುತ್ತಿದ್ದೇವೆ ಅಂತ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಮೊದಲೇ ಬಿಡಿಸಿ ಹೇಳಿರಲಿಲ್ಲ. ಫೋನೇ ಹಳತಾಯಿತು ಅಂದುಕೊಂಡು ಹೊಸದು ಕೊಂಡವರಿಗೆ ಬರೀ ಬ್ಯಾಟರಿ ಸಾಕಿತ್ತು ಅಂತ ಆಮೇಲೆ ತಿಳಿಯಿತು. ಕಂಪನಿ ಕ್ಷಮೆ ಕೇಳಿತು, ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ಬೆಲೆಯನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು, ಮುಂದೆ ಕೋರ್ಟು ಕೇಸುಗಳ ರಾಜಿಗೂ ದೊಡ್ಡ ಮೊತ್ತ ಕಟ್ಟಿತು.

ಸ್ಯಾಮ್ಸಂಗಿನ ಪೆಟ್ಟು ಇನ್ನೂ ಜೋರಾಗಿತ್ತು. 2016ರ ಆಗಸ್ಟ್‌ನಲ್ಲಿ ಬಂದ ಗ್ಯಾಲಕ್ಸಿ ನೋಟ್ 7 ಫೋನುಗಳ ಬ್ಯಾಟರಿಗೆ ಬೆಂಕಿ ಹತ್ತಿಕೊಂಡವು. ಸೆಪ್ಟೆಂಬರ್‌ನಲ್ಲಿ ವಾಪಸ್ ತಗೊಂಡರು. ಬದಲಿಗೆ ಕೊಟ್ಟವೂ ಸುಟ್ಟವು. ಅಕ್ಟೋಬರ್‌ನಲ್ಲಿ ಆ ಮಾಡೆಲನ್ನೇ ನಿಲ್ಲಿಸಿದರು. ವಿಮಾನದಲ್ಲಿ ಆ ಫೋನಿನ ಹೆಸರು ಹೇಳಿ ಎಚ್ಚರಿಕೆ ಕೊಡುತ್ತಿದ್ದ ಕಾಲ ಅದು. ಆ ಕಂಪನಿ ಮುಗೀತು ಅಂತ ಅನೇಕರು ಅಂದುಕೊಂಡರು. 2017ರ ಜನವರಿಯಲ್ಲಿ ಅವರು ಬ್ಯಾಟರಿಯ ದೋಷ ಎಲ್ಲಿತ್ತು ಅಂತ ಎಲ್ಲರ ಮುಂದೆ ಬಿಡಿಸಿ ಹೇಳಿದರು. ಕೆಲವೇ ತಿಂಗಳಲ್ಲಿ ಬಂದ ಗ್ಯಾಲಕ್ಸಿ ಎಸ್8 ಚೆನ್ನಾಗಿಯೇ ಮಾರಾಟವಾಯಿತು. ಬೆಂಕಿ ಹತ್ತಿದ್ದನ್ನು ಜನ ಕ್ಷಮಿಸಿದರು, ಯಾಕೆಂದರೆ ಫೋನು ವಾಪಸ್ ತಗೊಂಡು ದುಡ್ಡು ಕೊಟ್ಟಿದ್ದರು.

ಜನ ಕ್ಷಮಿಸದೇ ಇರುವುದು ಕೌಂಟರಿನಲ್ಲಿ ಆಗುವ ಅವಮಾನವನ್ನು. ನನ್ನ ತಂಗಿಯ ಫೋನಿನಲ್ಲಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನ ಪರದೆಯ ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ ಬಂತು. ಫೋನು ಬಿದ್ದಿರಲಿಲ್ಲ, ನೀರು ತಾಗಿರಲಿಲ್ಲ. ಸರ್ವೀಸ್ ಸೆಂಟರಿನಲ್ಲಿ ಅವಳ ಮಾತು ಪೂರ್ತಿ ಕೇಳುವ ಮೊದಲೇ "ನೀವೇ ಎಲ್ಲೋ ಬೀಳಿಸಿದ್ದೀರಿ ಮೇಡಂ" ಅಂದರು. ಡಿಸ್‌ಪ್ಲೇಗೆ ಹೇಳಿದ ಬೆಲೆ ಫೋನಿನ ಅರ್ಧ ಬೆಲೆಗೆ ಹತ್ತಿರವಿತ್ತು. ಅವಳು ಅದೇ ಕಂಪನಿಯ ಫೋನನ್ನು ವರ್ಷಗಟ್ಟಲೆ ಮೆಚ್ಚಿ ಬಳಸಿದವಳು. ಗೆರೆಗಿಂತ ಆ ಮಾತು ಅವಳಿಗೆ ಜಾಸ್ತಿ ನೋವು ಕೊಟ್ಟಿತು. ಈಗ ಅವಳ ಕೈಯಲ್ಲಿ ಬೇರೆ ಕಂಪನಿಯ ಫೋನಿದೆ. ಅವಳ ಗೆಳತಿಯರ ಕೈಯಲ್ಲೂ.

ಇಂಥ ಸಂದರ್ಭದಲ್ಲಿ ಸುಮ್ಮನೆ ಕಂಪನಿ ಬದಲಾಯಿಸಿ ಬಿಟ್ಟುಬಿಡುವುದೊಂದೇ ದಾರಿ ಅಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಆಗದಿದ್ದರೆ ಕಲಬುರಗಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಬಿಲ್ಲು ಮತ್ತು ಸರ್ವೀಸ್ ಸೆಂಟರಿನವರು ಫೋನಿನ ದೋಷ ಬರೆದುಕೊಡುವ ಜಾಬ್ ಶೀಟು, ಎರಡನ್ನೂ ಇಟ್ಟುಕೊಂಡಿರಬೇಕು ಅಷ್ಟೇ. ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ, ಬರೆದುಕೊಡಿ ಅಂತ ಕೇಳಿ.

ಇನ್ನು ಅಪ್‌ಡೇಟಿನ ವಿಷಯ. ಗೂಗಲ್ 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ಕ್ಕೆ 7 ವರ್ಷದ ಅಪ್‌ಡೇಟ್ ಕೊಡುತ್ತೇವೆ ಅಂತ ಹೇಳಿತು. 2024ರ ಜನವರಿಯಲ್ಲಿ ಸ್ಯಾಮ್ಸಂಗ್ ತನ್ನ ಎಸ್24ಕ್ಕೂ ಅದೇ ಮಾತು ಕೊಟ್ಟಿತು. ಇವು ದುಬಾರಿ ಫೋನುಗಳು. ಹತ್ತು ಹನ್ನೆರಡು ಸಾವಿರದ ಫೋನುಗಳಿಗೆ ಈ ಮಾತು ಅಷ್ಟು ಉದ್ದ ಇರುವುದಿಲ್ಲ. ಆಂಡ್ರಾಯ್ಡ್ ತೀರಾ ಹಳತಾದರೆ ಬ್ಯಾಂಕಿನ ಆ್ಯಪು, ವಾಟ್ಸಾಪು ಒಂದೊಂದಾಗಿ ನಡೆಯದಂತಾಗುತ್ತವೆ. ಫೋನು ಗಟ್ಟಿಯಾಗಿದ್ದರೂ ಬಿಡಬೇಕಾಗುತ್ತದೆ. ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ನಾವು ಎಷ್ಟು ವರ್ಷ ಅಪ್‌ಡೇಟ್ ಅಂತ ಕೇಳುವುದಿಲ್ಲ. ಕೇಳಬೇಕು.

ಬಿಟ್ಟೆವು ಅಂದುಕೊಂಡರೂ

ಸಿಟ್ಟಿನಿಂದ ಕಂಪನಿ ಬಿಟ್ಟವರು ಒಂದು ಸಲ ಹೊಸ ಫೋನಿನ ಮನೆತನವನ್ನೂ ನೋಡಿಕೊಳ್ಳಬೇಕು. ರಿಯಲ್‌ಮಿ 2018ರಲ್ಲಿ ಒಪ್ಪೋದ ಕೈಕೆಳಗೇ ಶುರುವಾಗಿದ್ದು. ಒನ್‌ಪ್ಲಸ್ ಮತ್ತು ಒಪ್ಪೋ ಒಂದೇ ಮನೆಯವು. ಐಕೂ ವಿವೋದ ಮನೆಯದು. ರೆಡ್ಮಿ, ಪೋಕೋ ಎರಡೂ ಶಿಯೋಮಿಯಿಂದ ಬಂದವು. ಬೆನ್ನ ಮೇಲಿನ ಹೆಸರು ಬದಲಾದರೂ ಒಳಗಿನ ಸಾಫ್ಟ್‌ವೇರು ಬಹಳ ಮಟ್ಟಿಗೆ ಒಂದೇ ಥರ ಇರಬಹುದು. ಇದು ತಪ್ಪೇನಲ್ಲ. ಕೈಗೆ ರೂಢಿ ತಪ್ಪಬಾರದು ಅನ್ನುವವರಿಗೆ ಇದು ಅನುಕೂಲವೇ.

ಹೊಸ ಕಂಪನಿಗೆ ಹೋಗುವ ಮನಸ್ಸು ಮಾಡಿದವರು ಅಂಗಡಿಗಿಂತ ಮೊದಲು ಆ ಕಂಪನಿಯ ಸರ್ವೀಸ್ ಸೆಂಟರ್ ಎಲ್ಲಿದೆ ನೋಡಲಿ. ಊರಲ್ಲೇ ಇದೆಯಾ, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕಾ? ಆ ಮಾಡೆಲಿನ ಡಿಸ್‌ಪ್ಲೇ ಎಷ್ಟು, ಬ್ಯಾಟರಿ ಎಷ್ಟು ಅಂತ ಅಲ್ಲೇ ಕೇಳಿ. ಅಲ್ಲಿ ಕಾಯುತ್ತಾ ಕೂತವರ ಹತ್ತಿರ ಎರಡು ಮಾತಾಡಿ. ಜಾಹೀರಾತು ಹೇಳದೇ ಬಿಟ್ಟಿದ್ದೆಲ್ಲ ಅವರಿಗೆ ಗೊತ್ತಿರುತ್ತದೆ.

ಬದಲಾಯಿಸುವ ದಿನವನ್ನೂ ನೋಡಿ ಆರಿಸಿಕೊಳ್ಳಿ. ಹೊಸ ಫೋನಿನಲ್ಲಿ ಯುಪಿಐ ಶುರುಮಾಡಲು ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮು ಅದೇ ಫೋನಿನಲ್ಲಿದ್ದು, ಅದರಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕು. ಮೊದಲ 24 ಗಂಟೆ ಕಳಿಸುವ ಮೊತ್ತಕ್ಕೆ ಮಿತಿಯೂ ಇರುತ್ತದೆ. ಗಂಜ್‌ನಲ್ಲಿ ದೊಡ್ಡ ಪೇಮೆಂಟ್ ಇರುವ ದಿನ ಈ ಕೆಲಸ ಬೇಡ. ಹಿಂದಿನ ರಾತ್ರಿಯೇ ವಾಟ್ಸಾಪ್ ಬ್ಯಾಕಪ್ ಮಾಡಿ, ಜಿ-ಮೇಲ್ ಪಾಸ್‌ವರ್ಡ್ ಒಂದು ಸಲ ಹಾಕಿ ನೋಡಿಕೊಳ್ಳಿ.

ಹಳೆ ಫೋನನ್ನು ಆವತ್ತೇ ಎಕ್ಸ್‌ಚೇಂಜಿಗೆ ಕೊಡದೆ ಒಂದು ವಾರ ವೈಫೈಯಲ್ಲಿ ಇಟ್ಟುಕೊಳ್ಳಲು ಆಗುವುದಾದರೆ ಒಳ್ಳೆಯದು. ಯಾವುದೋ ನೋಟ್ಸು, ಯಾವುದೋ ರೆಕಾರ್ಡಿಂಗು ಬಂದಿಲ್ಲ ಅಂತ ಗೊತ್ತಾಗುವುದು ಮೂರ್ನಾಲ್ಕು ದಿನದ ಮೇಲೆಯೇ. ಆಮೇಲೆ ಅದನ್ನು ಊರಿಗೆ ಕಳಿಸುವುದಾದರೆ ಮೊದಲು ಸೆಟ್ಟಿಂಗ್ಸಿನಲ್ಲಿ ನಿಮ್ಮ ಗೂಗಲ್ ಅಕೌಂಟ್ ತೆಗೆಯಿರಿ, ನಂತರ ಅಲ್ಲಿಂದಲೇ ರೀಸೆಟ್ ಮಾಡಿ. ಅಕೌಂಟ್ ಉಳಿದುಬಿಟ್ಟರೆ, ಕೆಲವು ಸಲ ರೀಸೆಟ್ ಆದ ಮೇಲೂ ಫೋನು ನಿಮ್ಮ ಹಳೆ ಪಾಸ್‌ವರ್ಡನ್ನೇ ಕೇಳುತ್ತದೆ, ಊರಲ್ಲಿ ಅದನ್ನು ತೆರೆಯಲು ಯಾರಿಂದಲೂ ಆಗುವುದಿಲ್ಲ.